ತಾಳ ತಪ್ಪದ ಯಂತ್ರ

ಸಂಗೀತದ ಗೀಳು ಹಿಡಿದ ಮಗನೋ ಮಗಳೋ ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ಊಟದ ಹೊತ್ತಿನಲ್ಲಿ ಆ ಮಾತು ಬಂದೇ ಬರುತ್ತದೆ: “ಅಪ್ಪಾ, ಹಾಡು ಮಾಡುವುದಕ್ಕೆ ನನಗೊಂದು ಪವರ್‌ಫುಲ್ ಲ್ಯಾಪ್‌ಟಾಪ್ ಬೇಕು.” ತಂದೆ ಬೆಲೆ ಕೇಳುತ್ತಾರೆ, ಉತ್ತರ ಬಂದೊಡನೆ ಸಾರು ಸಪ್ಪೆಯಾಗುತ್ತದೆ. ಲಕ್ಷ ರೂಪಾಯಿ ಎಂಬುದು ಮಧ್ಯಮ ವರ್ಗದ ಸಂಸಾರಕ್ಕೆ ಅಲ್ಪ ಮೊತ್ತವಲ್ಲ. ಕೊಟ್ಟರೆ ಚೀಟಿಯ ಹಣ ಕರಗುತ್ತದೆ. ಕೊಡದಿದ್ದರೆ ಎಳೆಯ ಉತ್ಸಾಹ ಕರಗುತ್ತದೆ. ಆದ್ದರಿಂದ, ವಾಚಕರೇ, ಆ ‘ಪವರ್’ ಎಂಬ ಪದದ ಅರ್ಥವನ್ನೇ ಈ ವಾರ ಕೊಂಚ ವಿಚಾರಿಸೋಣ. ಅರ್ಥವಿಚಾರವು ಹೇಗಿದ್ದರೂ ಕನ್ನಡ ಮೇಷ್ಟರ ಕಸುಬು.

ಕಂಪ್ಯೂಟರಿಗೆ ರಾಗ ತಿಳಿಯದು. ಅದು ಬಲ್ಲುದು ಅಂಕಿಗಳನ್ನು ಮಾತ್ರ. ಧ್ವನಿಯ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳಾಗಿ ಬರೆದಿಟ್ಟುಕೊಳ್ಳುತ್ತದೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳು. ಚಲನಚಿತ್ರದ ಕೆಲಸದಲ್ಲಿ ಸಾಮಾನ್ಯವಾಗಿ ೪೮,೦೦೦. ಮತ್ತೆ ನುಡಿಸುವಾಗ ಈ ಅಂಕಿಗಳನ್ನು ಕಂತುಕಂತಾಗಿ ಹೊರಗೆ ಕಳುಹಿಸುತ್ತದೆ. ಈ ಕಂತಿಗೆ ಬಫರ್ ಎಂದು ಹೆಸರು. ಸಿ.ಡಿ.ಯ ಲೆಕ್ಕದಲ್ಲಿ ೨೫೬ ಅಳತೆಗಳ ಒಂದು ಕಂತನ್ನು ಸಿದ್ಧಪಡಿಸಲು ಯಂತ್ರಕ್ಕೆ ದೊರೆಯುವ ಕಾಲಾವಕಾಶ ಸುಮಾರು ೫.೮ ಮಿಲಿಸೆಕೆಂಡು, ಅಷ್ಟೆ. ಗಾಯನ, ಪಿಟೀಲು, ತಬಲ, ಅವಕ್ಕೆ ಹಚ್ಚಿದ ಮೆರುಗು ಎಲ್ಲವನ್ನೂ ಅಷ್ಟರೊಳಗೆ ಬೆರೆಸಿ ಮುಗಿಸಬೇಕು. ಒಂದೇ ಒಂದು ಕಂತು ತಡವಾದರೂ ಹಾಡಿನ ನಡುವೆ ‘ಚಟ್’ ಎಂಬ ಸದ್ದು.

ಅರ್ಥಭೇದವಿರುವುದು ಇಲ್ಲಿಯೇ. ಲೆಕ್ಕಪತ್ರದ ಕೆಲಸವಾದರೆ ಎರಡು ಕ್ಷಣ ತಡವಾದರೂ ನಾವು ಕಾಯುತ್ತೇವೆ; ಸಂಗೀತ ಕಾಯುವುದಿಲ್ಲ. ಎಷ್ಟು ಗಟ್ಟಿಯಾಗಿ ಬಾರಿಸಿದರೇನು, ಸಮಕ್ಕೆ ಬಂದು ಸೇರದ ಮೃದಂಗವನ್ನು ಯಾರು ಮೆಚ್ಚುತ್ತಾರೆ? ಹಾಡು ಮಾಡುವ ಯಂತ್ರಕ್ಕೆ ಬೇಕಾದುದು ಭೀಮಬಲಕ್ಕಿಂತ ಮಿಗಿಲಾಗಿ ಕಾಲನಿಷ್ಠೆ.

ಕಂತನ್ನು ದೊಡ್ಡದು ಮಾಡಿದರೆ ಯಂತ್ರಕ್ಕೆ ಬಿಡುವು ಸಿಗುತ್ತದೆ, ನಿಜ. ಆದರೆ ೧,೦೨೪ ಅಳತೆಗಳ ಕಂತೆಂದರೆ ೨೩ ಮಿಲಿಸೆಕೆಂಡಿನ ವಿಳಂಬ. ಅಷ್ಟು ಹೊತ್ತಿನಲ್ಲಿ ಧ್ವನಿಯು ಗಾಳಿಯಲ್ಲಿ ಸುಮಾರು ಎಂಟು ಮೀಟರು ಸಾಗುತ್ತದೆ. ಹಾಡುವವಳಿಗೆ ತನ್ನ ಸ್ವರವೇ ಅಂಗಳದ ಆಚೆಯಿಂದ ಕೇಳಿಬಂದಂತಾದರೆ ಲಯ ನಿಲ್ಲುವುದೆಂತು? ಹಾಡಿ ಮುಗಿಸಿ, ಬೆರೆಸುವ ಕೆಲಸಕ್ಕೆ ಕುಳಿತಾಗ ದೊಡ್ಡ ಕಂತಿನಿಂದ ಬಾಧಕವಿಲ್ಲ.

ಇಷ್ಟು ತಿಳಿದ ಮೇಲೆ ಅಂಗಡಿಗೆ ಹೋಗಬಹುದು. ಮೊದಲು ಪ್ರೊಸೆಸರ್. ಅದರೊಳಗಿನ ಒಂದೊಂದು ಕೋರನ್ನೂ ಒಬ್ಬ ಕೆಲಸಗಾರನೆಂದು ತಿಳಿಯಿರಿ. ಒಂದು ಕಂಠಕ್ಕೆ ಸಾಲಾಗಿ ನಾಲ್ಕು ಸಂಸ್ಕಾರಗಳನ್ನು ಕೊಡುವಾಗ ಒಂದು ಮುಗಿಯದೆ ಇನ್ನೊಂದು ತೊಡಗದು. ಬೇಳೆಯೇ ಬೇಯದಿರುವಾಗ ಒಗ್ಗರಣೆ ಹಾಕಲು ಹತ್ತು ಮಂದಿ ನಿಂತು ಫಲವೇನು? ಆದುದರಿಂದ ಕೋರುಗಳ ಸಂಖ್ಯೆಯ ಜೊತೆಗೆ ಒಂದೊಂದು ಕೋರಿನ ವೇಗವನ್ನೂ ವಿಚಾರಿಸತಕ್ಕದ್ದು.

ಎರಡನೆಯದು ರ‍್ಯಾಮ್. ನಿಜವಾದ ಕಂಠವನ್ನೂ ವಾದ್ಯವನ್ನೂ ಮುದ್ರಿಸಿಕೊಳ್ಳಲು ಹೆಚ್ಚು ಸ್ಥಳ ಬೇಡ. ಸೆಕೆಂಡಿಗೆ ೪೮,೦೦೦ ಅಳತೆ, ಅಳತೆಗೆ ೨೪ ಬಿಟ್ ಎಂದುಕೊಂಡರೂ, ಐದು ನಿಮಿಷದ ಹಾಡಿನ ಇಪ್ಪತ್ತು ಟ್ರ್ಯಾಕುಗಳು ಒಂದು ಜಿ.ಬಿ.ಯೊಳಗೆ ಅಡಗುತ್ತವೆ. ಹಸಿವು ಇರುವುದು ಕಲ್ಪಿತ ವಾದ್ಯಗಳಿಗೆ. ಪಿಯಾನೋದ ೮೮ ಮಣೆಗಳಲ್ಲಿ ಒಂದೊಂದನ್ನೂ ಮೆಲ್ಲಗೆ, ಗಟ್ಟಿಯಾಗಿ, ಹಲವು ಬಗೆಯಾಗಿ ಒತ್ತಿ ಮುದ್ರಿಸಿದ ಭಂಡಾರವು ಹತ್ತಾರು ಜಿ.ಬಿ. ನುಂಗುವುದುಂಟು. ಸಾಮಾನ್ಯ ಕೆಲಸಕ್ಕೆ ೧೬ ಜಿ.ಬಿ. ರ‍್ಯಾಮ್ ಸಾಕು; ಚಿತ್ರದ ಹಿನ್ನೆಲೆಗೆ ದೊಡ್ಡ ವಾದ್ಯಮೇಳವನ್ನೇ ಕಟ್ಟುವವರಿಗೆ ೩೨ ಬೇಕಾದೀತು. ಇಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಮುಂದೆ ಹೆಚ್ಚಿಸಲು ಬಾರದು, ಹೊರಗಿನ ಎಸ್.ಎಸ್.ಡಿ.ಯನ್ನಾದರೋ ಯಾವಾಗ ಬೇಕಾದರೂ ಜೋಡಿಸಬಹುದು. ಕೈ ಬಿಗಿಯಾಗಿದ್ದಾಗ ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕೆಂಬುದು ಇದರಿಂದ ಸ್ಪಷ್ಟ.

ಮೂರನೆಯದು ಮೌನ. ನನ್ನ ತರಗತಿಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಸಾಲ ಮಾಡಿ, ಆಟಗಳಿಗೆಂದು ನಿರ್ಮಿಸಿದ ಭಾರಿ ಲ್ಯಾಪ್‌ಟಾಪನ್ನು ತಂದರು. ಬೆಲೆಯ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಸಂದಿತ್ತು. ಸಂಗೀತಕ್ಕೆ ಅದರಿಂದ ಪ್ರಯೋಜನ ಅತ್ಯಲ್ಪ. ತಂಗಿಯ ದೇವರನಾಮವನ್ನು ಮುದ್ರಿಸಿಕೊಂಡಾಗ ತಂಬೂರಿಯ ಜೊತೆಗೆ ಫ್ಯಾನಿನ ಭೋರ್ಗರೆತವೂ ಶ್ರುತಿಗೂಡಿತು! ೨೦೨೦ರಲ್ಲಿ ಎಂ-೧ ಪ್ರೊಸೆಸರಿನೊಡನೆ ಬಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಆದರೆ ಅಂಥ ಯಂತ್ರವು ಬಹಳ ಹೊತ್ತು ದುಡಿದು ಕಾದರೆ ತಾನಾಗಿಯೇ ನಿಧಾನಿಸುತ್ತದೆ. ಎಲ್ಲ ಗುಣವೂ ಒಂದೆಡೆ ದೊರೆಯುವುದು ಗಂಡುಹೆಣ್ಣುಗಳ ಜಾತಕದಲ್ಲಿ ಮಾತ್ರ.

ಯಂತ್ರಕ್ಕೆ ಮುನ್ನ ತಂತ್ರಾಂಶವನ್ನು ನಿಶ್ಚಯಿಸುವುದು ಜಾಣತನ. ಲಾಜಿಕ್ ಪ್ರೋ ಆಪಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ. ಏಬಲ್ಟನ್ ಲೈವ್, ಎಫ್.ಎಲ್. ಸ್ಟುಡಿಯೋ, ರೀಪರ್ ಇವು ವಿಂಡೋಸ್‌ನಲ್ಲಿಯೂ ನಡೆಯುತ್ತವೆ. ಅಲ್ಲದೆ ಹಣವನ್ನೆಲ್ಲ ಲ್ಯಾಪ್‌ಟಾಪಿಗೇ ಸುರಿಯದೆ ಒಂದು ಪಾಲನ್ನು ಆಡಿಯೋ ಇಂಟರ್‌ಫೇಸ್, ಮೈಕು, ಒಳ್ಳೆಯ ಹೆಡ್‌ಫೋನು ಇವುಗಳಿಗೆ ಉಳಿಸಬೇಕು. ಕೆಟ್ಟದಾಗಿ ಹಿಡಿದ ಸ್ವರವನ್ನು ಯಾವ ಪ್ರೊಸೆಸರೂ ಉದ್ಧರಿಸಲಾರದು.

ಅಮೆರಿಕದ ಗಾಯಕಿ ಬಿಲ್ಲಿ ಐಲಿಷಳ ಮೊದಲ ಪೂರ್ಣ ಆಲ್ಬಮ್ ಬಂದದ್ದು ೨೦೧೯ರಲ್ಲಿ. ಆಕೆಯ ಅಣ್ಣ ಫಿನಿಯಸ್ ಅದನ್ನು ಬಹುಮಟ್ಟಿಗೆ ಸಿದ್ಧಪಡಿಸಿದ್ದು ಲಾಸ್ ಏಂಜಲೀಸಿನಲ್ಲಿ ಹೆತ್ತವರ ಮನೆಯ ಪುಟ್ಟ ಮಲಗುವ ಕೋಣೆಯಲ್ಲಿ. ೨೦೨೦ರಲ್ಲಿ ಅದಕ್ಕೆ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಬಂದಿತು. ಕೋಣೆ ಚಿಕ್ಕದಾದರೂ ಅಲ್ಲಿ ಅಣ್ಣತಂಗಿಯರ ವರ್ಷಗಳ ಅಭ್ಯಾಸವಿತ್ತು.

ಹೆತ್ತವರಿಗೆ ನನ್ನ ಸೂಚನೆಯಿಷ್ಟೆ: ‘ಇಲ್ಲ’ ಎನ್ನಬೇಡಿ; ಕೂಡಲೇ ‘ಹೂಂ’ ಎಂದೂ ಅನ್ನಬೇಡಿ. ರೀಪರನ್ನು ೬೦ ದಿನಗಳ ಕಾಲ ಹಣ ಕೊಡದೆ ಬಳಸಿ ನೋಡಬಹುದು. ಮನೆಯ ಹಳೆಯ ಕಂಪ್ಯೂಟರಿನಲ್ಲಿಯೇ ಮೂರು ಹಾಡುಗಳನ್ನು ಪೂರ್ತಿಯಾಗಿ ಮುಗಿಸಲು ಹೇಳಿ. ಯಂತ್ರ ಬಳಲಿದಾಗ ಒಂದು ಟ್ರ್ಯಾಕನ್ನು ‘ಫ್ರೀಜ್’ ಮಾಡಿದರೆ, ಅಂದರೆ ಸಂಸ್ಕಾರಗಳ ಸಮೇತ ಸಿದ್ಧ ಧ್ವನಿಯಾಗಿ ಇಳಿಸಿಟ್ಟರೆ, ಭಾರ ತಗ್ಗುತ್ತದೆ. ಮೂರು ಹಾಡು ಮುಗಿಯುವ ವೇಳೆಗೆ ಯಂತ್ರ ಎಡವುವುದು ರ‍್ಯಾಮಿನಲ್ಲಿಯೋ, ಪ್ರೊಸೆಸರಿನಲ್ಲಿಯೋ ಎಂಬುದು ಅವರಿಗೇ ಗೊತ್ತಾಗಿರುತ್ತದೆ. ಆಗ ಅವರು ‘ಪವರ್‌ಫುಲ್’ ಎಂಬ ಪೊಳ್ಳು ವಿಶೇಷಣವನ್ನು ಬಿಟ್ಟು, ಬೇಕಾದುದನ್ನು ಹೆಸರು ಹಿಡಿದು ಕೇಳುತ್ತಾರೆ. ಹಾಗೆ ಕೇಳಬಲ್ಲವರಿಗೆ ಚೀಟಿಯ ಹಣವನ್ನು ಧೈರ್ಯವಾಗಿ ಕೊಡಿ.