ಜೀಪಿನಲ್ಲಿ ಕೇಳುವ ಪ್ರಶ್ನೆ

ನನ್ನ ಅಣ್ಣ ಕಳಸದ ಕಡೆ ಜೀಪು ಓಡಿಸುತ್ತಾನೆ. ಹೊರನಾಡು ದೇವಸ್ಥಾನಕ್ಕೆ ಬಂದವರನ್ನು, ಹೋಮ್‌ಸ್ಟೇಗಳಲ್ಲಿ ಉಳಿದವರನ್ನು ಕ್ಯಾತನಮಕ್ಕಿ ಗುಡ್ಡಕ್ಕೆ ಹತ್ತಿಸಿ ಇಳಿಸುವುದು ಅವನ ಕೆಲಸ. ಶನಿವಾರ, ಭಾನುವಾರ ಬಂತೆಂದರೆ ಫಜ್ರ್ ನಮಾಜು ಮುಗಿಸಿ ಹೊರಟವನು ಮನೆ ಸೇರುವುದು ಇಶಾ ಕಳೆದ ಮೇಲೆ. ಕಳೆದ ರಜೆಯಲ್ಲಿ ನಾನೂ ಅವನ ಜೊತೆ ಹೋಗುತ್ತಿದ್ದೆ. ಟೈರ್ ಬದಲಿಸಲು, ಹಣ ಎಣಿಸಲು, ಮತ್ತೆ ನಿಜ ಹೇಳಬೇಕೆಂದರೆ ಗುಡ್ಡದ ಮೇಲೆ ಫೋಟೋ ತೆಗೆಸಿಕೊಳ್ಳಲು.

ಒಂದು ಭಾನುವಾರ ನಾಲ್ಕು ಜನ ಹತ್ತಿದರು. ಕಲಿತವರು, ಒಳ್ಳೆಯ ಉದ್ಯೋಗದಲ್ಲಿ ಇರುವವರು. ಅರ್ಧ ದಾರಿಯಲ್ಲಿ ಒಬ್ಬರು ಅಣ್ಣನ ಭುಜ ತಟ್ಟಿ, "ಸಂಜೆಗೆ ಏನಾದ್ರೂ ವ್ಯವಸ್ಥೆ ಆಗುತ್ತಾ ಬಾಸ್?" ಎಂದು ಕೇಳಿದರು. ನಾನು ಕ್ಯಾಂಪ್ ಫೈರ್ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆ. ತಿರುವಿನಲ್ಲಿ ಎಸ್ಟೇಟಿನ ಹೆಂಗಸರು ಸೌದೆ ಹೊತ್ತು ಲೈನ್ ಮನೆ ಕಡೆ ನಡೆಯುತ್ತಿದ್ದರು. "ಇವರು ಅಸ್ಸಾಂನವರಲ್ವಾ? ಇವರಲ್ಲಿ ಸಿಗುತ್ತಂತೆ ಹೌದಾ?" ಎಂದು ಇನ್ನೊಬ್ಬರು ಕೇಳಿದರು. ಆಗ ಅರ್ಥವಾಯಿತು. ಅಣ್ಣ ಏನೂ ಹೇಳಲಿಲ್ಲ. ಗೇರ್ ಬದಲಿಸಿದ. ಕೆಳಗೆ ಬಂದು ಬಾಡಿಗೆ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದ.

ಮನೆಗೆ ಬರುವಾಗ ಕೇಳಿದೆ. "ವಾರಕ್ಕೆ ಒಬ್ಬರಾದರೂ ಕೇಳ್ತಾರೆ. ಮೊದಲು ಕೋಪ ಬರ್ತಿತ್ತು, ಈಗ ಬರಲ್ಲ" ಎಂದ. ಈ ಲೇಖನ ಬರೆಯಬೇಕೆಂದು ಅನ್ನಿಸಿದ್ದು ಆ ಎರಡನೇ ಮಾತಿನಿಂದ.

ಇಂಥ ವಿಷಯ ನಮ್ಮ ಕಾಲೇಜಿನ ಪತ್ರಿಕೆಗೆ ಬೇಕೇ ಎಂದು ಕೆಲವರು ಕೇಳಬಹುದು. ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕಥೆಯನ್ನು ಪ್ರತಿ ವರ್ಷ ಯಾರಾದರೊಬ್ಬರು ಬರೆದೇ ಬರೆಯುತ್ತಾರೆ, ಅದನ್ನು ಅವರಿಗೇ ಬಿಡುತ್ತೇನೆ. ನಮ್ಮಲ್ಲಿ ಅರ್ಧದಷ್ಟು ಜನರ ಮನೆಯ ಅನ್ನ ಈಗ ಯಾವುದೋ ರೀತಿಯಲ್ಲಿ ಪ್ರವಾಸಿಗರಿಂದ ಬರುತ್ತಿದೆ. ಜೀಪು, ಟ್ಯಾಕ್ಸಿ, ಕೋಳಿ ಅಂಗಡಿ, ಹೋಮ್‌ಸ್ಟೇ ಅಡುಗೆಮನೆ, ಕೊಟ್ಟಿಗೆಹಾರದ ಹೋಟೆಲು. ಆದ್ದರಿಂದ ಆ ಹಣದ ಜೊತೆ ಬರುವ ಪ್ರಶ್ನೆಯೂ ನಮ್ಮದೇ.

ಜೀಪಿನಲ್ಲಿ ಕುಳಿತವರಿಗೆ ಬೈಯುವುದು ಸುಲಭ. ಆದರೆ ಅವರು ಕೇಳಿದ ಮಾತನ್ನು ನಾನು ಅದಕ್ಕೂ ಮೊದಲು ನಮ್ಮ ಬಸ್ಸಿನಲ್ಲಿ ಕೇಳಿದ್ದೆ.

ನಮ್ಮ ಜೊತೆ ಓದುವ ಒಬ್ಬ ಹುಡುಗಿ ಇದ್ದಾಳೆ. ಹೆಸರು ಬರೆಯುವುದಿಲ್ಲ. ಅವಳು ಚಿಕ್ಕವಳಿದ್ದಾಗ ತಂದೆ ತಾಯಿ ಅಸ್ಸಾಮಿನಿಂದ ಎಸ್ಟೇಟ್ ಕೆಲಸಕ್ಕೆ ಬಂದರು. ಇಲ್ಲಿಯ ಸರ್ಕಾರಿ ಕನ್ನಡ ಶಾಲೆಯಲ್ಲೇ ಓದಿದಳು. ಅವಳ ಕನ್ನಡ ನನ್ನ ಕನ್ನಡಕ್ಕಿಂತ ಚೆನ್ನಾಗಿದೆ, ಒತ್ತಕ್ಷರದ ತಪ್ಪು ಮಾಡುವುದಿಲ್ಲ. ರಜೆಯಲ್ಲಿ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ಪಾತ್ರೆ, ಬೆಡ್‌ಶೀಟ್ ಕೆಲಸ ಮಾಡಿ ಫೀಸಿಗೆ ಹಣ ಮಾಡಿಕೊಳ್ಳುತ್ತಾಳೆ. ಒಂದು ಸಂಜೆ ಕೆಲಸ ತಡವಾದ್ದರಿಂದ ಮಾಲೀಕರ ಮನೆಯವರು ಅವಳನ್ನು ಕಾರಿನಲ್ಲಿ ಲೈನ್ ಮನೆ ತನಕ ಬಿಟ್ಟರು. ಅದನ್ನು ನಮ್ಮ ಹುಡುಗರಲ್ಲಿ ಒಬ್ಬ ನೋಡಿದ. ಸೋಮವಾರ ಬಸ್ಸಿನಲ್ಲಿ ಅವಳಿಗೆ ಒಂದು ಹೆಸರು ಬಿತ್ತು. "ಬಾಂಗ್ಲಾ" ಎಂಬುದರ ಜೊತೆ ಹೋಮ್‌ಸ್ಟೇ ಸೇರಿಸಿದ ಹೆಸರು. ಬುಧವಾರಕ್ಕೆ ಅದು ವಾಟ್ಸ್ಯಾಪ್ ಗುಂಪಿನಲ್ಲಿ ಸ್ಟಿಕ್ಕರ್ ಆಗಿತ್ತು. ಹೆಸರಿಟ್ಟವನು ನಾನಲ್ಲ. ಆದರೆ ನಾನು ನಕ್ಕಿದ್ದೆ. ಆಮೇಲೆ ಅವಳು ಹನ್ನೊಂದು ದಿನ ಕಾಲೇಜಿಗೆ ಬರಲಿಲ್ಲ.

ಅವಳ ತಂದೆ ಜುಮಾ ದಿನ ನಮ್ಮ ಮಸೀದಿಗೇ ಬರುತ್ತಾರೆ. ಅದೇ ಸಫ್‌ನಲ್ಲಿ ನಮ್ಮ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಮಸೀದಿಯಿಂದ ಹೊರಗೆ ಬಂದ ಕೂಡಲೇ ನಮಗೆ ಅವರು "ಬಾಂಗ್ಲಾದವರು". ಅಸ್ಸಾಂ ಭಾರತದ ರಾಜ್ಯ ಎಂಬುದು ಐದನೇ ತರಗತಿಯ ಪಾಠ, ಆದರೂ. ನಮ್ಮ ಅಜ್ಜ ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದದ್ದೂ ಎಸ್ಟೇಟಿನ ಕೂಲಿಗೇ. ಮೇಸ್ತ್ರಿ ಮುಂಗಡ ಕೊಟ್ಟು ಕರೆತಂದ ಗುಂಪಿನಲ್ಲಿ ಅವರೂ ಒಬ್ಬರು. ಆ ಕಾಲದಲ್ಲಿ "ಘಟ್ಟದ ಕೆಳಗಿನವರು" ಎಂದರೆ ಕದಿಯುವವರು, ಅವರ ಹೆಂಗಸರನ್ನು ನಂಬಬಾರದು ಎಂಬ ಮಾತು ಇತ್ತೆಂದು ಅಜ್ಜಿ ಈಗಲೂ ಹೇಳುತ್ತಾರೆ. ಹೊಸದಾಗಿ ಬಂದ ಬಡವರ ಹೆಂಗಸರ ಮೇಲೆ ಹಾಕುವ ಮಾತು ಒಂದೇ, ಊರಿನ ಹೆಸರು ಮಾತ್ರ ಬದಲಾಗುತ್ತದೆ.

ಇಂಥ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 2018ರ ಜನವರಿಯಲ್ಲಿ ಮೂಡಿಗೆರೆಯಲ್ಲಿ 20 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿನಿ ಪ್ರಾಣ ಕಳೆದುಕೊಂಡಳು. ಮುಸ್ಲಿಮರ ಬಗ್ಗೆ ಒಳ್ಳೆಯ ಮಾತು ಬರೆದ ಅವಳ ವಾಟ್ಸ್ಯಾಪ್ ಸಂದೇಶವನ್ನು ಹರಿಬಿಟ್ಟಿದ್ದರು. ಮುಸ್ಲಿಂ ಹುಡುಗನ ಜೊತೆ ಸಂಬಂಧ ಇದೆ ಎಂದು ಹೇಳಿಕೊಂಡು ಕೆಲವರು ಮನೆಗೇ ಬಂದು ತಾಯಿಗೂ ಅವಳಿಗೂ ಎಚ್ಚರಿಕೆ ಕೊಟ್ಟಿದ್ದರು. ಒಂದು ಪಕ್ಷದ ಯುವ ಘಟಕದ ಸ್ಥಳೀಯ ಪದಾಧಿಕಾರಿಯನ್ನು ಪೊಲೀಸರು ಬಂಧಿಸಿದರು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಮನೆಯಲ್ಲಿ ಯಾರೂ ಟಿವಿ ಹಾಕದೆ ಕುಳಿತದ್ದು ಮಾತ್ರ ನೆನಪಿದೆ. ಆ ಹುಡುಗಿಗೆ ನ್ಯಾಯ ಸಿಗಬೇಕೆಂದು ನಮ್ಮವರು ಮಾತನಾಡಿದರು, ಸರಿಯಾಗಿಯೇ ಮಾತನಾಡಿದರು. ಆದರೆ ನಮ್ಮ ಸಮುದಾಯದ ಹುಡುಗಿ ಬೇರೆ ಧರ್ಮದ ಸಹಪಾಠಿಯ ಜೊತೆ ಬಸ್ ನಿಲ್ದಾಣದಲ್ಲಿ ನಿಂತರೆ ವಿಡಿಯೋ ತೆಗೆದು ಗುಂಪಿಗೆ ಹಾಕುವ ಹುಡುಗರು ನಮ್ಮಲ್ಲೂ ಇದ್ದಾರೆ. ಅವರ ಹೆಸರು ನಮಗೆ ಗೊತ್ತು, ನಾವು ಮಾತನಾಡುವುದಿಲ್ಲ.

2012ನೇ ಇಸವಿಯನ್ನೂ ನೆನಪಿಸಬೇಕು. ಆ ವರ್ಷ ಜುಲೈ 28ರಂದು ಮಂಗಳೂರಿನ ಪಡೀಲ್‌ನ ಒಂದು ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು. "ಅನೈತಿಕ" ಎಂಬ ಒಂದು ಶಬ್ದವೇ ಅದಕ್ಕೆ ಸಾಕಾಯಿತು. ದಾಳಿಯನ್ನು ಚಿತ್ರೀಕರಿಸಿ ಊರಿಗೆ ತೋರಿಸಿದ ಪತ್ರಕರ್ತ ನವೀನ್ ಸೂರಿಂಜೆ ಅವರೇ ಆ ನವೆಂಬರ್‌ನಲ್ಲಿ ಜೈಲಿಗೆ ಹೋದರು. ಅದೇ ಆಗಸ್ಟ್ ಮಧ್ಯದಲ್ಲಿ, ಅಂದರೆ ಮೂರು ವಾರವೂ ಆಗಿರಲಿಲ್ಲ, ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ಹತ್ತಿದರು. ಅಸ್ಸಾಂನ ಕೊಕ್ರಾಜಾರ್‌ನಲ್ಲಿ ಗಲಭೆ ಆಗಿತ್ತು. ರಂಜಾನ್ ಮುಗಿದ ಮೇಲೆ ಮುಸ್ಲಿಮರು ನಿಮ್ಮನ್ನು ಕೊಲ್ಲುತ್ತಾರೆ ಎಂಬ ವದಂತಿ ಎಸ್‌ಎಂಎಸ್‌ನಲ್ಲಿ ಓಡಾಡಿತ್ತು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸಬಾರದೆಂದು ಕೇಂದ್ರ ಸರ್ಕಾರ ಮಿತಿ ಹಾಕಿತು. ಆಗ ವದಂತಿಯಲ್ಲಿ ರಾಕ್ಷಸರಾದವರು ನಾವು. ಸುಳ್ಳು ಮಾತು ಒಂದು ಸಮುದಾಯದ ಮೇಲೆ ಹೇಗೆ ಕೂರುತ್ತದೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಹಾಗಾದರೆ ನಮ್ಮ ಬೆಟ್ಟಗಳಲ್ಲಿ ಹೆಣ್ಣಿನ ವ್ಯಾಪಾರ ನಡೆಯುವುದೇ ಇಲ್ಲವೇ? ನಡೆಯುವುದಿಲ್ಲ ಎಂದು ನಾನು ಬರೆಯಲಾರೆ. ಲಾಡ್ಜ್, ಹೋಮ್‌ಸ್ಟೇ ಮೇಲೆ ಪೊಲೀಸ್ ದಾಳಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ನಮ್ಮ ಲೈಬ್ರರಿಯಲ್ಲಿ ಕುಳಿತು ಅಂಥ ಸುದ್ದಿಗಳನ್ನು ಒಮ್ಮೆ ಗಮನವಿಟ್ಟು ಓದಿ. ಹೆಂಗಸರು ಯಾವ ರಾಜ್ಯದವರು ಎಂದು ಬರೆದಿರುತ್ತದೆ. ಪಶ್ಚಿಮ ಬಂಗಾಳ ಮೂಲದ, ಅಸ್ಸಾಂ ಮೂಲದ, ಹೀಗೆ. ಗಂಡಸರ ಬಗ್ಗೆ "ಗ್ರಾಹಕರು" ಎಂದಷ್ಟೇ ಇರುತ್ತದೆ. ಗ್ರಾಹಕನಿಗೆ ಮೂಲವೇ ಇಲ್ಲ! ಅವನು ಯಾವ ಜಾತಿ, ಯಾವ ಊರು, ಯಾವ ಕಾರಿನಲ್ಲಿ ಬಂದ, ಯಾರಿಗೂ ಬೇಡ. ಹೀಗೆ ಓದಿ ಓದಿ ನಮ್ಮ ತಲೆಯಲ್ಲಿ ಒಂದು ರಾಜ್ಯದ ಹೆಸರು ಮತ್ತು ಒಂದು ಕೆಲಸ ಅಂಟಿಕೊಂಡುಬಿಡುತ್ತದೆ. ಜೀಪಿನಲ್ಲಿ ಕುಳಿತವರಿಗೂ ಅದೇ ಅಂಟಿತ್ತು.

ಕಾನೂನು ನೋಡಿದರೆ ಬೇರೆಯೇ ಇದೆ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ ದೊಡ್ಡ ಶಿಕ್ಷೆಗಳು ಇರುವುದು ಅಡ್ಡೆ ನಡೆಸುವವರಿಗೆ, ಹೆಣ್ಣನ್ನು ತಂದು ಒಪ್ಪಿಸುವವರಿಗೆ, ಅವಳ ಗಳಿಕೆಯಲ್ಲಿ ಬದುಕುವವರಿಗೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 144ನೇ ಸೆಕ್ಷನ್ ಪ್ರಕಾರ, ಸಾಗಾಟವಾಗಿ ಬಂದವಳು ಎಂದು ಗೊತ್ತಿದ್ದೂ ಅವಳನ್ನು ಲೈಂಗಿಕವಾಗಿ ಬಳಸಿಕೊಳ್ಳುವವನೂ ಅಪರಾಧಿ. ಸುಪ್ರೀಂ ಕೋರ್ಟ್ 2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ, ದಾಳಿಯ ವೇಳೆ ಆ ಹೆಂಗಸರಿಗೆ ಕಿರುಕುಳ ಕೊಡಬಾರದು, ಮಾಧ್ಯಮಗಳು ಅವರ ಗುರುತು ಬಯಲು ಮಾಡಬಾರದು, ಅವರಿಗೂ ಘನತೆಯಿಂದ ಬದುಕುವ ಹಕ್ಕಿದೆ ಎಂದು ಹೇಳಿತು. ಹದಿನೆಂಟು ತುಂಬದವಳಾದರೆ ಒಪ್ಪಿಗೆಯ ಮಾತೇ ಬರುವುದಿಲ್ಲ, ಅದು ಪೋಕ್ಸೋ. ಆ ವಯಸ್ಸಿನವರು ಎಂದರೆ ನಾವೇ, ನಮ್ಮ ತರಗತಿಯವರೇ.

ಬೇರೆ ದೇಶದ ಒಂದು ಉದಾಹರಣೆ. ಥಾಯ್ಲೆಂಡಿನ ಪಟ್ಟಾಯ ಒಂದು ಕಾಲದಲ್ಲಿ ಮೀನುಗಾರರ ಹಳ್ಳಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ರಜೆ ಕಳೆಯಲು ಬರತೊಡಗಿದ ಮೇಲೆ ಅದು ಇಂದಿನ ಪಟ್ಟಾಯ ಆಯಿತು. ಅಲ್ಲಿ ಆ ಕೆಲಸಕ್ಕೆ ಬಂದ ಹೆಂಗಸರಲ್ಲಿ ಬಹಳ ಜನ ಇಸಾನ್ ಎಂಬ ಬಡ ಪ್ರದೇಶದವರು. ಅವರ ಭಾಷೆ, ಬಣ್ಣದ ಬಗ್ಗೆ ಬ್ಯಾಂಕಾಕಿನವರಿಗೇ ತಾತ್ಸಾರ. ಇಸಾನ್ ಇರುವುದು ಥಾಯ್ಲೆಂಡಿನ ಈಶಾನ್ಯದಲ್ಲಿ. ಇದನ್ನು ಅಟ್ಲಾಸಿನಲ್ಲಿ ನೋಡಿದಾಗ ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಅಲ್ಲಿಗೆ ಹೋಗುವ ಭಾರತೀಯ ಗಂಡಸರನ್ನು ಅಲ್ಲಿಯವರು ಗುಂಪಾಗಿ ಹೀಯಾಳಿಸುತ್ತಾರೆ ಎಂದು ನಮ್ಮವರಿಗೆ ಸಿಟ್ಟು ಬರುತ್ತದೆ. ಒಬ್ಬನ ತಪ್ಪಿಗೆ ದೇಶವನ್ನೇ ಬೈಯುತ್ತಾರಲ್ಲ ಎಂದು. ಆ ಸಿಟ್ಟನ್ನು ಸ್ವಲ್ಪ ಲೈನ್ ಮನೆಯವರಿಗೂ ಕೊಡಬಹುದಿತ್ತು.

ದೀನಿ ಪಾಠದಲ್ಲಿ ಸೂರಃ ನೂರ್ ಓದಿದ್ದೇವೆ. ಪರೀಕ್ಷೆಗೆಂದು ಓದಿದ್ದರಿಂದ ಬಸ್ಸಿನಲ್ಲಿ ನೆನಪಾಗಲಿಲ್ಲ. ಒಬ್ಬ ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರದವನಿಗೆ ಎಂಬತ್ತು ಛಡಿಯೇಟು ಮತ್ತು ಮುಂದೆ ಅವನ ಸಾಕ್ಷ್ಯವೇ ನಡೆಯದು ಎಂಬ ವಿಧಿ ಇರುವುದು ಅದರಲ್ಲೇ. ಉಮ್ಮುಲ್ ಮುಅ್ಮಿನೀನ್ ಆಯಿಶಾ ಅವರ ಮೇಲೆಯೇ, ಪ್ರಯಾಣದಲ್ಲಿ ತಂಡದಿಂದ ಹಿಂದುಳಿದು ಒಬ್ಬರ ಒಂಟೆಯ ಮೇಲೆ ಬಂದರೆಂಬ ಕಾರಣಕ್ಕೆ, ಊರೆಲ್ಲ ಮಾತನಾಡಿತ್ತು. ಒಂಟೆಯ ಜಾಗದಲ್ಲಿ ಕಾರು ಇಟ್ಟು ನೋಡಿ. ಅದೇ ಸೂರಃದಲ್ಲಿ ದೃಷ್ಟಿ ತಗ್ಗಿಸಬೇಕೆಂಬ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ, ಮುಂದಿನ ಆಯತ್‌ನಲ್ಲಿ ಹೆಂಗಸರಿಗೆ. ಹಣದಾಸೆಗೆ ದಾಸಿಯರನ್ನು ಆ ಕೆಲಸಕ್ಕೆ ದೂಡಬಾರದು ಎಂದೂ ಅಲ್ಲೇ ಇದೆ. ಬಲವಂತಕ್ಕೆ ಒಳಗಾದವಳ ಮೇಲೆ ಅಲ್ಲಾಹನು ಕರುಣೆ ತೋರುತ್ತಾನೆ ಎಂದು ಅದರ ಜೊತೆಗೇ ಹೇಳಲಾಗಿದೆ. ನಾವು ಸಾಮಾನ್ಯವಾಗಿ ಹಿಜಾಬ್ ಬಗ್ಗೆ ಭಾಷಣಕ್ಕೆ ಬೇಕಾದಾಗ ಮಾತ್ರ ಈ ಸೂರಃ ತೆರೆಯುತ್ತೇವೆ.

ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ಒಂದೆರಡು ಕೋರಿಕೆ. ನಮ್ಮ ಕಾಲೇಜಿನಲ್ಲಿ ಹುಡುಗಿಯರಿಗೆ ಎಚ್ಚರಿಕೆಯ ಉಪನ್ಯಾಸ ವರ್ಷಕ್ಕೆ ಮೂರು ಬಾರಿ ಆಗುತ್ತದೆ. ಹುಡುಗರನ್ನು ಆ ಹೊತ್ತಿನಲ್ಲಿ ಆಟದ ಮೈದಾನಕ್ಕೆ ಕಳಿಸುತ್ತಾರೆ. ಮುಂದಿನ ಬಾರಿ ನಮ್ಮನ್ನೂ ಕೂರಿಸಿ, ಬೇಕಿದ್ದರೆ ನಮ್ಮನ್ನೇ ಕೂರಿಸಿ. ಹೋಮ್‌ಸ್ಟೇ, ರೆಸಾರ್ಟ್‌ಗಳಲ್ಲಿ ರಜೆಯ ಕೆಲಸ ಮಾಡುವ ವಿದ್ಯಾರ್ಥಿಗಳು ಯಾರು, ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಾರೆ, ತೊಂದರೆ ಆದರೆ ಯಾರಿಗೆ ಹೇಳಬೇಕೆಂದು ಗೊತ್ತಿದೆಯೇ ಎಂದು ಎನ್‌ಎಸ್‌ಎಸ್ ಘಟಕ ಕೇಳಬಹುದು. ಅವಮಾನ ಮಾಡುವಂತೆ ಅಲ್ಲ, ಒಬ್ಬೊಬ್ಬರನ್ನೇ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆಯನ್ನು ನೋಟಿಸ್ ಬೋರ್ಡಿನ ಜೊತೆ ಬಸ್ಸಿನಲ್ಲೂ ಅಂಟಿಸಿ. ಇನ್ನು ಆ ಸ್ಟಿಕ್ಕರ್ ಇನ್ನೂ ಕೆಲವರ ಫೋನಿನಲ್ಲಿದೆ. ಯಾರ ಫೋನು ಎಂದು ಅವರಿಗೆ ಗೊತ್ತು.

ಆ ಹುಡುಗಿ ಹನ್ನೆರಡನೇ ದಿನ ವಾಪಸು ಬಂದಳು. ಈಗ ಬಸ್ಸಿನಲ್ಲಿ ಮುಂದೆ, ಮೇಡಂ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ನಾನು ಕ್ಷಮೆ ಕೇಳಲು ಹೋದೆ. "ನೀನು ನಗಾಡಿದ್ದು ನನಗೆ ಕಾಣಿಸಿತ್ತು" ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಇದನ್ನು ಬರೆಯಬಹುದೇ ಎಂದು ಕೇಳಿದಾಗ ಓದಿ ನೋಡಿ, ಎರಡು ಕಾಗುಣಿತ ತಿದ್ದಿ ಕೊಟ್ಟಳು.

ಅಣ್ಣನಿಗೂ ಓದಿ ಹೇಳಿದೆ. ಸುಮ್ಮನೆ ಕೇಳಿದ. ಮುಂದಿನ ಸಲ ಯಾರಾದರೂ ಕೇಳಿದರೆ ಜೀಪಿನಿಂದ ಇಳಿಸುತ್ತೀಯಾ ಎಂದೆ. "ಇಳಿಸಿದರೆ ಹೋಮ್‌ಸ್ಟೇಯವರು ನನಗೆ ಟ್ರಿಪ್ ಕೊಡೋದು ನಿಲ್ಲಿಸ್ತಾರೆ. ಜೀಪಿನ ಸಾಲ ಇನ್ನೂ ಹದಿನಾಲ್ಕು ಕಂತು ಇದೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಇಳಿಸಲ್ಲ. ಆದರೆ ಇನ್ನು ಸುಮ್ಮನೆ ಇರಲ್ಲ, ಉತ್ತರ ಕೊಡ್ತೀನಿ" ಎಂದ. ಏನು ಉತ್ತರ ಎಂದು ಕೇಳಿದೆ. ಅದನ್ನು ಇನ್ನೂ ಯೋಚಿಸುತ್ತಿದ್ದಾನೆ.