ನೀರಿಗಾಗಿ ಬಂದವರು, ನೀರಿಲ್ಲದೆ ಹೋದವರು

ಗಂಗಾವತಿಯ ಸುತ್ತಮುತ್ತ ಕಾಲುವೆಯ ಬದಿಯಲ್ಲಿ ಹಾದುಹೋಗುವ ಪ್ರಯಾಣಿಕರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಅಲ್ಲಿಯ ಎಷ್ಟೋ ಊರುಗಳ ಹೆಸರಿನ ಕೊನೆಗೆ 'ಕ್ಯಾಂಪು' ಎಂಬ ಪದವು ಅಂಟಿಕೊಂಡಿದೆ. ಕ್ಯಾಂಪು ಎಂದರೆ ನಾಲ್ಕು ದಿನದ ಬಿಡಾರ. ಆದರೆ ಈ ಬಿಡಾರಗಳು ಹೂಡಿ ಸುಮಾರು 70 ವರ್ಷಗಳು ಸಂದಿವೆ. ಗುಡಿಸಲುಗಳಿದ್ದೆಡೆ ತಾರಸಿಯ ಮನೆಗಳೆದ್ದಿವೆ, ಗುಡಿಗಳಾಗಿವೆ, ಶಾಲೆಗಳಾಗಿವೆ. ಹೆಸರು ಮಾತ್ರ ಇನ್ನೂ ಹೊರಟುನಿಂತವರದು.

1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಪೂರ್ಣಗೊಂಡಿತು. ಆಗ ಈ ಸೀಮೆಯು ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಆನೆಗೊಂದಿಯ ಆಸುಪಾಸಿನಲ್ಲಿ ವಿಜಯನಗರದ ಕಾಲದ ಕಾಲುವೆಗಳಿಂದ ಗದ್ದೆಗಳಿದ್ದುವು, ನಿಜ. ಆದರೆ ಉಳಿದೆಡೆಯ ರೈತನು ಜೋಳ ಬಿತ್ತಿ ಮುಗಿಲನ್ನು ನೋಡುವವನು. ಹೊಲವನ್ನು ಸಮಮಾಡಿ ಗದ್ದೆಯಾಗಿಸಲು ಬೇಕಾದ ಹಣವೂ ಅವನಲ್ಲಿರಲಿಲ್ಲ, ರೂಢಿಯೂ ಇರಲಿಲ್ಲ. ಇವೆರಡೂ ಇದ್ದವರು ಕೃಷ್ಣಾ, ಗೋದಾವರಿ ತೀರದ ತೆಲುಗು ಒಕ್ಕಲಿಗರು. 1852ರ ಧವಳೇಶ್ವರದ ಆಣೆಯ ಕಾಲದಿಂದ ಕಾಲುವೆಯ ಬೇಸಾಯವು ಅವರಿಗೆ ತಾತಂದಿರ ವಿದ್ಯೆಯಾಗಿತ್ತು. ಅಲ್ಲಿಯ ತುಂಡು ಭೂಮಿಯನ್ನು ಮಾರಿ ಇಲ್ಲಿ ಅಗ್ಗದ ಬೆಲೆಗೆ ಹಲವು ಪಟ್ಟು ನೆಲವನ್ನು ಕೊಂಡು ಬಂಡಿ-ಎತ್ತು, ಪಾತ್ರೆ-ಪಗಡಿಗಳೊಡನೆ ಬಂದಿಳಿದರು. ಗಂಗಾವತಿಯು ಭತ್ತದ ಕಣಜವೆನಿಸಿದ್ದು ಹೀಗೆ. ತಾವು ಮಾರಿದ ಹೊಲದಲ್ಲಿಯೇ ಕೂಲಿಗೆ ನಿಂತ ಸ್ಥಳೀಯರೂ ಉಂಟೆಂಬುದನ್ನು ಈ ಹಸುರಿನ ನಡುವೆ ಮರೆಯಬಾರದು.

ಬಂದವರು ಬೀಜ ನೇಗಿಲುಗಳನ್ನಷ್ಟೇ ತರಲಿಲ್ಲ. ಸಂಕ್ರಾಂತಿಯ ಮುನ್ನಾದಿನ ಕ್ಯಾಂಪುಗಳಲ್ಲಿ ಇಂದಿಗೂ ಭೋಗಿಯ ಬೆಂಕಿ ಉರಿಯುತ್ತದೆ. ಅಂಗಳದಲ್ಲಿ ಮುಗ್ಗು ಹರಡುತ್ತದೆ. ನಡುವೆ ಸೆಗಣಿಯ ಗೊಬ್ಬೆಮ್ಮಗಳು ಹೂ ಮುಡಿದು ಕೂಡುತ್ತವೆ. ಅದೇ ಹಬ್ಬಕ್ಕೆ ಪಕ್ಕದ ಹಳ್ಳಿಯ ಕನ್ನಡದ ಸಂಸಾರವು ಮೈಗೆ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ರೊಟ್ಟಿಯ ಬುತ್ತಿಯನ್ನು ಬಿಚ್ಚುತ್ತದೆ. ಮೊಮ್ಮಕ್ಕಳ ಪಾಡು ಇವೆರಡರ ನಡುವಣದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಜ್ಜಿಗೆ ಕೊಡುವ ಉತ್ತರದಲ್ಲಿ ಎರಡೂ. ಮದುವೆಗೆಂದು ಗೋದಾವರಿಯ ಕಡೆಗೆ ಹೋದಾಗ ಇವರ ತೆಲುಗಿನಲ್ಲಿ ಇಣುಕುವ ಕನ್ನಡವನ್ನು ಕೇಳಿ ನೆಂಟರಿಷ್ಟರು ನಕ್ಕರೆ ಆಶ್ಚರ್ಯವಿಲ್ಲ. ಅಲ್ಲಿ ಇವರು ಕನ್ನಡದವರು, ಇಲ್ಲಿ ಆಂಧ್ರದವರು!

ವಲಸೆಗಾರರ ಮೊಮ್ಮಕ್ಕಳಿಗೆ ಜಗತ್ತಿನಲ್ಲೆಲ್ಲ ಇದೇ ಇಬ್ಬಂದಿ. ದೂರದ ಫಿನ್‌ಲೆಂಡಿನಿಂದ ಸುಮಾರು 3 ಲಕ್ಷ ಜನರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಮೊದಲ್ಗೊಂಡು ಅಮೆರಿಕೆಗೆ ಹೋದರು. ಮಿಚಿಗನ್ನಿನ ತಾಮ್ರದ ಗಣಿಗಳಲ್ಲಿ ದುಡಿದರು. ಹೋದೆಡೆಯಲ್ಲಿ 'ಸೌನಾ' ಎಂಬ ತಮ್ಮ ಹಬೆಯ ಸ್ನಾನದ ಮನೆಯನ್ನು ಕಟ್ಟಿಕೊಂಡರು. 1896ರಲ್ಲಿ ಹ್ಯಾನ್‌ಕಾಕ್ ಎಂಬ ಊರಿನಲ್ಲಿ ತಮ್ಮದೇ ವಿದ್ಯಾಲಯವನ್ನು ಸ್ಥಾಪಿಸಿದರು. ಮತ್ತೂ ವಿನೋದವೆಂದರೆ, ಅವರ ಸಂತತಿಯವರು 1950ರ ದಶಕದಲ್ಲಿ ಮಿನೆಸೋಟದಲ್ಲಿ ಉರ್ಹೋ ಎಂಬ ಸಂತನನ್ನೇ ಕಲ್ಪಿಸಿಕೊಂಡರು. ಅವನು ಮಿಡತೆಗಳನ್ನು ಓಡಿಸಿ ಫಿನ್‌ಲೆಂಡಿನ ದ್ರಾಕ್ಷಿಯನ್ನು ಉಳಿಸಿದನಂತೆ! ಆ ಹಿಮದ ನಾಡಿನಲ್ಲಿ ದ್ರಾಕ್ಷಿಯ ತೋಟಗಳೆಲ್ಲಿ ಬಂದುವೆಂದು ಯಾರೂ ಕೇಳಲಿಲ್ಲ. ಮಾರ್ಚ್ 16ರಂದು ಅವನ ಹಬ್ಬ ನಡೆದೇ ನಡೆಯುತ್ತದೆ. ಆದರೆ ಹ್ಯಾನ್‌ಕಾಕಿನ ಆ ವಿದ್ಯಾಲಯವು 2023ರಲ್ಲಿ ಬಾಗಿಲು ಮುಚ್ಚಿತು. ಹಬ್ಬವನ್ನು ಉಳಿಸಿಕೊಳ್ಳುವುದು ಸುಲಭ, ಸಂಸ್ಥೆಯನ್ನು ನಡೆಸುವುದು ಕಷ್ಟ.

ಫಿನ್ನರಿಗೂ ಕ್ಯಾಂಪಿನವರಿಗೂ ಒಂದು ಭಾಗ್ಯವಿತ್ತು: ಅವರು ಗುಂಪಾಗಿ ನೆಲೆನಿಂತರು. ನೆರೆಮನೆಯವರದೂ ಅದೇ ಮಾತು, ಅದೇ ಹಬ್ಬ. ಈ ಭಾಗ್ಯವಿಲ್ಲದವರನ್ನು ನೋಡಲು ಬಹು ದೂರ ಹೋಗಬೇಕಾಗಿಲ್ಲ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಗೆ ಬಂದರೆ ಸಾಕು. ಅಲ್ಲಿಯ ಹೊಲಗಳಲ್ಲಿ ಹೆಚ್ಚಿನವು ಮಳೆಯನ್ನೇ ನಂಬಿದವು. ಮಳೆ ಕೈಕೊಟ್ಟ ವರ್ಷ ಗಂಡ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಹೊರಡುತ್ತಾರೆ. ಬುತ್ತಿಯಲ್ಲಿ ವಾರಗಟ್ಟಲೆ ಕೆಡದ ಕಟಿ ರೊಟ್ಟಿ, ಶೇಂಗಾ ಚಟ್ನಿ. ಏಳುತ್ತಿರುವ ಕಟ್ಟಡದ ಮಗ್ಗುಲಲ್ಲಿ ತಗಡಿನ ಶೆಡ್ಡು. ಕಟ್ಟಡವು ಮುಗಿದರೆ ಶೆಡ್ಡು ಇನ್ನೊಂದೆಡೆಗೆ. ನಿಜವಾದ ಕ್ಯಾಂಪು ಇವರದು. ಆದರೆ ಆ ಹೆಸರಿನ ಊರು ಮಾತ್ರ ಯಾವ ನಕ್ಷೆಯಲ್ಲಿಯೂ ಇಲ್ಲ.

ಇಂತಹ ಮನೆಯ ಮಗುವಿಗೆ ಪರಂಪರೆಯೆಂಬುದು ಯಾವ ದಾರಿಯಿಂದ ಬರಬೇಕು? ಗೋವೆಯಲ್ಲಿ ಶಾಲೆಗೆ ಸೇರಿದರೆ ಕಿವಿಗೆ ಬೀಳುವುದು ಕೊಂಕಣಿ, ಮರಾಠಿ. ಸೇರದಿದ್ದರೆ ಯಾವ ಅಕ್ಷರವೂ ಇಲ್ಲ. ಎಳ್ಳಮವಾಸ್ಯೆಯಂದು ಚರಗ ಚೆಲ್ಲಲು ಶೆಡ್ಡಿನ ಮುಂದೆ ಹೊಲವಿಲ್ಲ. ಅವ್ವನ ಬಾಯಿಯ ಕೊಪ್ಪಳದ ಕನ್ನಡವೊಂದೇ ಅದರ ಆಸ್ತಿ. ನಗರದ ವಿದ್ಯಾವಂತರು ಆ ಕನ್ನಡವನ್ನು ನಾಟಕದ ಹಾಸ್ಯಕ್ಕೆ ಬಳಸಿಕೊಳ್ಳುವುದನ್ನು ಕಂಡಾಗ, ಆ ಆಸ್ತಿಗೂ ಕನ್ನ ಬಿದ್ದಂತಾಗುತ್ತದೆ. ಸಂಸ್ಕೃತಿಯನ್ನು ಮರೆತರೆಂದು ಕೂಲಿಯವರನ್ನು ದೂರುವ ಮೊದಲು, ಮಗುವು ಒಂದು ಇಡೀ ವರ್ಷ ಒಂದೇ ಶಾಲೆಯಲ್ಲಿ ಕೂಡುವ ಏರ್ಪಾಟನ್ನು ಕುರಿತು ಯೋಚಿಸುವುದು ಲೇಸು.

ಆದರೂ ಪುಷ್ಯ ಮಾಸ ಬಂತೆಂದರೆ ದೂರದ ಶೆಡ್ಡುಗಳಲ್ಲಿ ಗಂಟುಮೂಟೆ ಕಟ್ಟುವ ಸಡಗರ. ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆಗೆ ಊರೂರಿನಿಂದ ರೊಟ್ಟಿಗಳು ದಾಸೋಹಕ್ಕೆ ಬಂದು ಬೀಳುತ್ತವೆ. ಅವುಗಳ ಲೆಕ್ಕ ಲಕ್ಷಗಳಲ್ಲಿ. ರೊಟ್ಟಿ ತಟ್ಟುವ ಮನೆಗಳಲ್ಲಿ ಆ ವಾರ ಬೆಂಗಳೂರಿನಿಂದ ಬಂದ ಸೊಸೆಯೂ ಇರುತ್ತಾಳೆ, ಗೋವೆಯಲ್ಲಿ ಹುಟ್ಟಿದ ಮಗಳೂ ಇರುತ್ತಾಳೆ. ರೊಟ್ಟಿ ದುಂಡಗಾಗದೆ ಹರಿದರೆ ಅಜ್ಜಿ ನಕ್ಕು, ಹಿಟ್ಟನ್ನು ಮತ್ತೆ ನಾದಿ ಅವಳ ಕೈಗೇ ಕೊಡುತ್ತಾಳೆ. ತೇರು ಎಳೆದ ಮೇಲೆ ಬಸ್ಸುಗಳು ಮತ್ತೆ ತುಂಬಿ ಹೊರಡುತ್ತವೆ.