ಶಾಲೆಯ ತಟ್ಟೆಯಲ್ಲಿ ನಮ್ಮ ಜೋಳವೇಕಿಲ್ಲ?



ಹಿಂಗಾರಿ ಜೋಳದ ರಾಶಿ ಮುಗಿದು ಚೀಲಗಳು ಮನೆ ಸೇರುವ ದಿನಗಳಲ್ಲಿ ನಾವು ಮನೆಗಳಿಗೆ ಭೇಟಿ ಕೊಟ್ಟಾಗ ಕೇಳುವ ಮಾತು ಒಂದೇ: "ಫಾದರ್, ಜೋಳಕ್ಕ ದರಾ ಇಲ್ಲ. ಬರೋ ವರ್ಷ ಮನೀ ಪೂರ್ತೇಕ ಅಷ್ಟ ಬಿತ್ತತೀವಿ." ಅದೇ ಹೊತ್ತಿಗೆ ಅದೇ ರೈತರ ಮಕ್ಕಳು ಶಾಲೆಯಲ್ಲಿ ಕುಳಿತು, ನಮ್ಮ ಹೊಲಗಳಲ್ಲಿ ಬೆಳೆಯದ ಅಕ್ಕಿಯ ಕಿಚಡಿ ಉಣ್ಣುತ್ತಿರುತ್ತಾರೆ. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಬೇಕೆಂಬುದು ಈ ಸಲದ ನಮ್ಮ ವಿಚಾರ.

ಶಾಲೆಯ ಊಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ಈ ಯೋಜನೆ ಆರಂಭಿಸಿದಾಗ ಬಹಳ ಕಡೆ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆದೇಶಿಸಿತು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ನಿಗದಿಯಾಗಿದೆ. ದಸರೆ ಮುಗಿಯುತ್ತಲೇ ಕಬ್ಬು ಕಡಿಯಲು ಹೊರಡುವ ಕುಟುಂಬಗಳು ನಮ್ಮ ಜತ್ತ ತಾಲೂಕಿನಲ್ಲಿ ಬಹಳ. ಅಜ್ಜಿಯ ಬಳಿ ಉಳಿದ ಮಗುವಿಗೆ ಮಧ್ಯಾಹ್ನದ ಆ ತಟ್ಟೆ ಎಷ್ಟು ದೊಡ್ಡದೆಂದು ಆ ಅಜ್ಜಿಯೇ ಬಲ್ಲಳು.

ಆದರೆ ಆ ತಟ್ಟೆಗೆ ಅಕ್ಕಿಯೇ ಏಕೆ ಬಂತು? ಕಾನೂನು ಜೋಳವನ್ನು ದೂರವಿಟ್ಟಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿಗಳ ಜೊತೆಗೆ ಜೋಳ, ಸಜ್ಜೆಯಂತಹ ಧಾನ್ಯಗಳೂ ಇವೆ. ಆದರೆ ಹಸಿರು ಕ್ರಾಂತಿಯ ಕಾಲದಿಂದ ಸರಕಾರ ಹೆಚ್ಚಾಗಿ ಕೊಂಡದ್ದು ಅಕ್ಕಿ, ಗೋಧಿಗಳನ್ನೇ. ಗೋದಾಮಿನಲ್ಲಿರುವುದೇ ಶಾಲೆಗೂ ಬರುತ್ತದೆ. ಸರಕಾರ ಕೊಳ್ಳದ ಬೆಳೆಯನ್ನು ರೈತ ಎಷ್ಟು ವರ್ಷ ಬಿತ್ತಿಯಾನು? ಜೋಳ ಹೋದರೆ ಕಾಳು ಮಾತ್ರ ಹೋಗುವುದಿಲ್ಲ, ಕಣಿಕೆಯೂ ಹೋಗುತ್ತದೆ. ಕಣಿಕೆ ಇಲ್ಲದ ಮನೆಯಲ್ಲಿ ದನ ನಿಲ್ಲುವುದಿಲ್ಲ, ದನವಿಲ್ಲದ ಮನೆಯಲ್ಲಿ ಮಕ್ಕಳಿಗೆ ಹಾಲು, ಮಜ್ಜಿಗೆ ಉಳಿಯುವುದಿಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಇದು ಸಣ್ಣ ಮಾತಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರಿನಂಶವೂ ಕಬ್ಬಿಣದ ಅಂಶವೂ ಹೆಚ್ಚು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳನ್ನು ಬಹಳವಾಗಿ ಕಾಡುತ್ತಿದೆ. ಜೋಳವೊಂದರಿಂದಲೇ ಎಲ್ಲವೂ ಸರಿಹೋಗದು. ಬೇಳೆ, ಸೊಪ್ಪು, ಸ್ವಲ್ಪ ನಿಂಬೆಹುಳಿ ಕೂಡಿದರೆ ಅದರ ಗುಣ ಮೈಗೆ ಹತ್ತುತ್ತದೆ.

"ನೂರು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು?" ಎಂದು ಅಡುಗೆಯ ತಾಯಂದಿರು ಕೇಳಿಯಾರು. ಅವರ ಮಾತು ನ್ಯಾಯವಾದದ್ದು. ಅಲ್ಪ ಗೌರವಧನಕ್ಕೆ ದುಡಿಯುವವರ ಮೇಲೆ ಇನ್ನಷ್ಟು ಹೊರೆ ಹೇರಬಾರದು. ಆದರೆ ಜೋಳವೆಂದರೆ ರೊಟ್ಟಿಯೊಂದೇ ಅಲ್ಲವಲ್ಲ! ನಮ್ಮ ಅಜ್ಜಿಯರು ಮಾಡುತ್ತಿದ್ದ ನುಚ್ಚನ್ನು ನಾವೇಕೆ ಮರೆತೆವು? ಜೋಳ ಒಡೆಸಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿದರಾಯಿತು. ಬೇಳೆ, ತರಕಾರಿ ಹಾಕಿದರೆ ಅದೇ ಕಿಚಡಿ, ಬೇಸಿಗೆಯಲ್ಲಿ ಮಜ್ಜಿಗೆ ಕಲಸಿದರೆ ಹೊಟ್ಟೆಗೆ ತಂಪು.

ಒಂದು ಲೆಕ್ಕ ಮಾಡಿ ನೋಡೋಣ. ನೂರು ಮಕ್ಕಳಿಗೆ ದಿನಕ್ಕೆ 10 ಕಿಲೋ ಧಾನ್ಯ ಬೇಕು. ವಾರಕ್ಕೆ ಒಂದು ದಿನ ಜೋಳವಾದರೆ ವರ್ಷದ 40 ವಾರಗಳಿಗೆ 4 ಕ್ವಿಂಟಲ್. ನಮ್ಮ ಒಣಭೂಮಿಯಲ್ಲಿ ಹೆಚ್ಚುಕಡಿಮೆ ಒಂದು ಎಕರೆಯ ಫಸಲು ಅದು. 2025-26ಕ್ಕೆ ಮಾಲದಂಡಿ ಜೋಳಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಅಂದರೆ ಸುಮಾರು 15,000 ರೂಪಾಯಿ ಊರಿನ ರೈತರ ಕೈಗೆ. ಒಂದು ಶಾಲೆಗೆ ಇದು ಅಲ್ಪವೆನಿಸಬಹುದು. ತಾಲೂಕಿನ ಶಾಲೆಗಳೆಲ್ಲ ಕೂಡಿದರೆ ಅದೇ ಒಂದು ಮಾರುಕಟ್ಟೆ.

ಇದು ಕನಸಿನ ಮಾತಲ್ಲ. ಬ್ರೆಜಿಲ್ ದೇಶವು ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡಾ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಖರೀದಿಗೇ ಬಳಸಬೇಕೆಂದು 2009ರಲ್ಲಿ ಕಾನೂನು ಮಾಡಿತು. ಗಡಿಯಾಚೆಯ ಕರ್ನಾಟಕ ಸರಕಾರವೂ ಬೆಂಬಲ ಬೆಲೆಗೆ ಜೋಳ, ರಾಗಿ ಕೊಂಡು ರೇಶನ್ ಅಂಗಡಿಗಳಲ್ಲಿ ಹಂಚಿದೆ. ಮನಸ್ಸಿದ್ದರೆ ನಮ್ಮ ಮಹಾರಾಷ್ಟ್ರದಲ್ಲೂ ಆಗುತ್ತದೆ.

ಇದು ಮುಖ್ಯಾಧ್ಯಾಪಕರೊಬ್ಬರ ಕೈಯಲ್ಲಿಲ್ಲ, ಧಾನ್ಯ ಬರುವುದು ಮೇಲಿನಿಂದ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರಕಾರಿ ಶಾಲೆಯ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆ ಸಭೆಗೆ ನಮ್ಮವರು ಹೋಗಿ ಬರೀ ಸಹಿ ಮಾಡಿ ಬರಬಾರದು. ವಾರಕ್ಕೊಮ್ಮೆ ಜೋಳ ಬೇಕೆಂದು ಠರಾವು ಮಾಡಿಸಿ ಪಂಚಾಯತ ಸಮಿತಿಗೆ ಕಳಿಸಿರಿ. ಅಲ್ಲಿಯವರೆಗೆ ಸುಮ್ಮನಿರಬೇಕಾಗಿಲ್ಲ: ಹಬ್ಬ, ಹುಟ್ಟುಹಬ್ಬಗಳಂದು ಊರವರು ಮಕ್ಕಳಿಗೆ ಊಟ ಬಡಿಸಲು ಯೋಜನೆಯಲ್ಲೇ ಅವಕಾಶವಿದೆ. ಅಂದು ಹೊಸ ಜೋಳದ ನುಚ್ಚು ಬಡಿಸೋಣ.

ಕೊನೆಗೆ ನಮಗೇ ಒಂದು ಮಾತು. ಬೀಗರು ಬಂದರೆ ಅನ್ನ, ನಾವಷ್ಟೇ ಇದ್ದರೆ ರೊಟ್ಟಿ ಎಂಬ ಸಂಕೋಚ ನಮ್ಮಲ್ಲೂ ಇದೆ. ಐದು ಸಾವಿರ ಜನರಿಗೆ ಉಣಿಸಿದ ದಿನ ಯೇಸುಸ್ವಾಮಿ ಕೈಗೆತ್ತಿಕೊಂಡದ್ದು ಒಬ್ಬ ಹುಡುಗನ ಬುತ್ತಿಯ ಜವೆಗೋಧಿ ರೊಟ್ಟಿ, ಬಡವರ ಧಾನ್ಯ. ಅದು ಕೀಳೆಂದು ಅವರು ಬದಿಗಿಡಲಿಲ್ಲ. ನಾವೂ ನಮ್ಮ ಜೋಳವನ್ನು ಬದಿಗಿಡದಿರೋಣ.